ಅಡುಗೆಮನೆಯ ಗದರಿಕೆ: ಒಂದು ಧಾರಾವಾಹಿಯನ್ನು ಆಧರಿಸಿದ ವಿಮರ್ಶಾಪಾಠ

ಪೀಠಿಕೆ

ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ನಾವು ಕವಿತೆಗೆ ಆಸ್ವಾದನ ಟಿಪ್ಪಣಿಯನ್ನೂ ಕಥೆಗೆ ಪಾತ್ರಚಿತ್ರಣವನ್ನೂ ಬರೆಯಿಸುತ್ತೇವೆ. ವಿಮರ್ಶೆಯ ಬರವಣಿಗೆಗೆ ಬಂದಾಗ ಮಾತ್ರ ಮಕ್ಕಳ ಉತ್ತರಗಳು ಹೆಚ್ಚಾಗಿ ಎರಡೇ ವಾಕ್ಯಗಳಲ್ಲಿ ಮುಗಿಯುತ್ತವೆ: ಕೃತಿ ಚೆನ್ನಾಗಿದೆ, ಇದರಿಂದ ಒಳ್ಳೆಯ ನೀತಿ ದೊರೆಯುತ್ತದೆ. ಇದು ಮಕ್ಕಳ ದೋಷವಲ್ಲ. ಮೆಚ್ಚಿದ ಕೃತಿಯಲ್ಲಿ ಆಕ್ಷೇಪಿಸಬೇಕಾದುದನ್ನು ಗುರುತಿಸುವ ಮತ್ತು ಆಕ್ಷೇಪಿಸಿದ ಕೃತಿಯಲ್ಲಿ ಮೆಚ್ಚತಕ್ಕುದನ್ನು ಒಪ್ಪಿಕೊಳ್ಳುವ ಅಭ್ಯಾಸವನ್ನು ನಾವು ಅವರಿಗೆ ಮಾಡಿ ತೋರಿಸಿಲ್ಲ.

ಆ ಅಭ್ಯಾಸಕ್ಕೆಂದು ಈ ಪಾಠದಲ್ಲಿ 'ದ ಬೇರ್' ಎಂಬ ಅಮೆರಿಕನ್ ಧಾರಾವಾಹಿಯನ್ನು ಆರಿಸಿಕೊಳ್ಳಲಾಗಿದೆ. ಷಿಕಾಗೋ ನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ನಡೆಯುವ ಈ ಕಥೆ ನಮ್ಮ ಗಡಿನಾಡಿನ ಶಾಲೆಗಳಿಗೆ ಬಹು ದೂರದ್ದೆಂದು ತೋರಬಹುದು. ಆದರೆ ಅದರ ನಡುವೆ ಇರುವ ಪ್ರಶ್ನೆ ನಮ್ಮದೇ ಆಗಿದೆ: ಗದರಿ, ಹಂಗಿಸಿ, ಅವಮಾನಿಸಿ ಕಲಿಸಿದರೆ ಕಲಿಯುವವನು ಉತ್ತಮನಾಗುತ್ತಾನೆಯೇ?

ಅಧ್ಯಾಪಕರು ಒಂದು ಎಚ್ಚರಿಕೆಯನ್ನು ಪಾಲಿಸಬೇಕು. ಧಾರಾವಾಹಿಯಲ್ಲಿ ಒರಟು ಬೈಗುಳಗಳು ಹೇರಳವಾಗಿವೆ. ಆತ್ಮಹತ್ಯೆಯ ಪ್ರಸ್ತಾಪವೂ ಇದೆ. ಆದುದರಿಂದ ಇದು ತರಗತಿಯಲ್ಲಿ ತೋರಿಸತಕ್ಕ ಕೃತಿಯಲ್ಲ. ಅಧ್ಯಾಪಕರು ನೋಡಿ, ಸನ್ನಿವೇಶಗಳನ್ನು ತಮ್ಮ ಮಾತಿನಲ್ಲಿ ಹೇಳಿದರೆ ಸಾಕು. ನೋಡಲು ಅನುಕೂಲವಿಲ್ಲದವರು ಕೆಳಗಿನ ಸಾರವನ್ನೇ ಬಳಸಬಹುದು.

ಧಾರಾವಾಹಿಯ ಸಾರ

ಕ್ರಿಸ್ಟೊಫರ್ ಸ್ಟೋರರ್ ರೂಪಿಸಿದ 'ದ ಬೇರ್' 2022ರ ಜೂನ್ ತಿಂಗಳಲ್ಲಿ ಪ್ರಸಾರವಾಗತೊಡಗಿತು. ಮೊದಲ ಭಾಗದಲ್ಲಿ ಎಂಟು ಕಂತುಗಳಿವೆ. ನ್ಯೂಯಾರ್ಕಿನ ಹೆಸರಾಂತ ಹೋಟೆಲಿನಲ್ಲಿ ದುಡಿದು ಕೀರ್ತಿ ಗಳಿಸಿದ ಕಾರ್ಮೆನ್ ಬೆರ್ಜಾಟೊ ಎಂಬ ತರುಣ ಬಾಣಸಿಗನು, ಆತ್ಮಹತ್ಯೆ ಮಾಡಿಕೊಂಡ ಅಣ್ಣನು ಬಿಟ್ಟುಹೋದ ಸಾಲಗ್ರಸ್ತ ಸ್ಯಾಂಡ್‌ವಿಚ್ ಅಂಗಡಿಯನ್ನು ನಡೆಸಲು ಊರಿಗೆ ಮರಳುತ್ತಾನೆ. ಎಲ್ಲರೂ ಅವನನ್ನು ಕಾರ್ಮಿ ಎನ್ನುತ್ತಾರೆ. ಜೆರೆಮಿ ಆಲನ್ ವೈಟ್ ಈ ಪಾತ್ರವನ್ನು ವಹಿಸಿದ್ದಾನೆ. ಅಂಗಡಿಯಲ್ಲಿ ಹಳಬರಾದ ಟೀನಾ, ರೊಟ್ಟಿ ಸುಡುವ ಮಾರ್ಕಸ್, ಅಣ್ಣನ ಆಪ್ತನಾಗಿದ್ದ ರಿಚಿ ಇದ್ದಾರೆ. ಸಿಡ್ನಿ ಎಂಬ ಪ್ರತಿಭಾವಂತ ಯುವತಿ ಹೊಸದಾಗಿ ಸೇರುತ್ತಾಳೆ.

ಈ ಕೃತಿಗೆ ದೊರೆತ ಮನ್ನಣೆ ದೊಡ್ಡದು. 2024ರ ಜನವರಿಯಲ್ಲಿ ನಡೆದ ಎಮ್ಮಿ ಪ್ರಶಸ್ತಿ ಸಮಾರಂಭದಲ್ಲಿ ಅದು ಶ್ರೇಷ್ಠ ಹಾಸ್ಯ ಸರಣಿಯೆಂಬ ಪ್ರಶಸ್ತಿಯನ್ನು ಪಡೆಯಿತು. ಅಡುಗೆಮನೆಯ ಸಂಕಟವನ್ನು ಇಷ್ಟು ತೀವ್ರವಾಗಿ ತೋರಿಸಿದ ಕಥೆ ಹಾಸ್ಯ ವಿಭಾಗದಲ್ಲಿ ಗೆದ್ದಿತೆಂಬ ಸಂಗತಿಯೇ ತರಗತಿಯ ಮೊದಲ ಚರ್ಚೆಗೆ ಒದಗುತ್ತದೆ.

ನಮ್ಮ ಪಾಠಕ್ಕೆ ನಾಲ್ಕು ಸನ್ನಿವೇಶಗಳು ಸಾಕು.

1. ಕಾರ್ಮಿಯ ನೆನಪು. ನ್ಯೂಯಾರ್ಕಿನ ಅಡುಗೆಮನೆಯಲ್ಲಿ ಹಿರಿಯ ಬಾಣಸಿಗನು ಅವನ ಪಕ್ಕದಲ್ಲಿ ನಿಂತು, ಕೆಲಸ ನಡೆಯುತ್ತಿರುವಾಗಲೇ, ತಗ್ಗಿದ ದನಿಯಲ್ಲಿ ಅವಹೇಳನ ಮಾಡುತ್ತಾನೆ. ನೀನು ಬದುಕಿರಲಿಕ್ಕೇ ಯೋಗ್ಯನಲ್ಲ ಎಂಬಷ್ಟರ ಮಟ್ಟಿಗೆ ಆ ಮಾತು ಹೋಗುತ್ತದೆ.

2. ಮೊದಲ ಭಾಗದ ಏಳನೆಯ ಕಂತು. ಇದರ ಹೆಸರೇ 'ವಿಮರ್ಶೆ'. ಸಿಡ್ನಿ ಗ್ರಾಹಕನೊಬ್ಬನಿಗೆ ಕೊಟ್ಟ ಅನ್ನದ ಖಾದ್ಯವನ್ನು ಪತ್ರಿಕೆಯ ವಿಮರ್ಶಕನು ಹೊಗಳಿ ಬರೆದಿದ್ದಾನೆ. ಅದೇ ದಿನ ಮುಂಗಡ ಬೇಡಿಕೆ ಸ್ವೀಕರಿಸುವ ವ್ಯವಸ್ಥೆ ಮುಚ್ಚದೆ ಉಳಿದುದರಿಂದ ಯಂತ್ರದಿಂದ ಚೀಟಿಗಳು ನಿಲ್ಲದೆ ಹೊರಬರುತ್ತವೆ. ಕಾರ್ಮಿ ತಾಳ್ಮೆಗೆಟ್ಟು ಎಲ್ಲರ ಮೇಲೆ ಅರಚುತ್ತಾನೆ. ಮಾರ್ಕಸ್ ಬಹುದಿನಗಳ ಪ್ರಯತ್ನದಿಂದ ಸಿದ್ಧಪಡಿಸಿದ ಡೋನಟ್ ನೆಲದ ಪಾಲಾಗುತ್ತದೆ. ಸಿಡ್ನಿಯೂ ಮಾರ್ಕಸನೂ ಕೆಲಸ ಬಿಟ್ಟು ಹೊರನಡೆಯುತ್ತಾರೆ.

3. ಎರಡನೆಯ ಭಾಗದ ಏಳನೆಯ ಕಂತು, 'ಫೋರ್ಕ್ಸ್' (2023). ರಿಚಿಯನ್ನು ಒಂದು ವಾರದ ತರಬೇತಿಗಾಗಿ ಅತ್ಯುತ್ತಮ ಹೋಟೆಲೊಂದಕ್ಕೆ ಕಳುಹಿಸಲಾಗುತ್ತದೆ. ಅಲ್ಲಿ ಅವನ ಕೆಲಸ ಮುಳ್ಳುಚಮಚಗಳನ್ನು ಒರೆಸುವುದು. ಮೊದಲು ಅವಮಾನವೆಂದು ತಿಳಿದವನು, ವಾರದ ಕೊನೆಗೆ ಕೆಲಸದ ಅರ್ಥವನ್ನು ಕಂಡುಕೊಳ್ಳುತ್ತಾನೆ.

4. ಮೂರನೆಯ ಭಾಗದ ಕೊನೆ (2024). ಕಾರ್ಮಿ ತನ್ನನ್ನು ಪೀಡಿಸಿದ ಹಿರಿಯ ಬಾಣಸಿಗನನ್ನು ಎದುರಿಸಿ ಪ್ರಶ್ನಿಸುತ್ತಾನೆ. ಅವನಿಗೆ ಪಶ್ಚಾತ್ತಾಪವಿಲ್ಲ. ನನ್ನ ಬಳಿಗೆ ಸಾಧಾರಣನಾಗಿ ಬಂದವನು ಶ್ರೇಷ್ಠನಾಗಿ ಹೊರಟೆಯಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ.

ವಿಮರ್ಶೆಗೆ ಮೂರು ಪ್ರಶ್ನೆಗಳು

ಯಾವುದೇ ಕಥನವನ್ನು ವಿಮರ್ಶಿಸುವಾಗ ಮಕ್ಕಳು ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಲಿ.

ಒಂದು: ಕೃತಿ ಏನನ್ನು ತೋರಿಸುತ್ತದೆ?
ಎರಡು: ತೋರಿಸುವಾಗ ನಮ್ಮನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತದೆ?
ಮೂರು: ಬೆಲೆ ತೆತ್ತವರು ಯಾರು, ಅವರಿಗೆ ಕಥೆಯಲ್ಲಿ ಎಷ್ಟು ಸ್ಥಳ ದೊರೆತಿದೆ?

ಮೊದಲನೆಯ ಪ್ರಶ್ನೆ: ಏನನ್ನು ತೋರಿಸುತ್ತದೆ?

ಧಾರಾವಾಹಿಯ ಹೆಗ್ಗಳಿಕೆಯನ್ನು ಮೊದಲು ಒಪ್ಪಿಕೊಳ್ಳೋಣ. ಗದರಿಕೆ ಒಬ್ಬನ ಸ್ವಭಾವದೋಷ ಮಾತ್ರವಲ್ಲ, ಅದು ಕೈಯಿಂದ ಕೈಗೆ ದಾಟುವ ಸೊತ್ತು ಎಂಬುದನ್ನು ಅದು ಪ್ರಾಮಾಣಿಕವಾಗಿ ಕಾಣಿಸುತ್ತದೆ. ನ್ಯೂಯಾರ್ಕಿನಲ್ಲಿ ಕೇಳಿಸಿಕೊಂಡದ್ದನ್ನು ಕಾರ್ಮಿ ಷಿಕಾಗೋದಲ್ಲಿ ಸಿಡ್ನಿಗೆ ಒಪ್ಪಿಸುತ್ತಾನೆ. ತಾನು ಹಾಗಾಗಲಾರೆನೆಂದು ಬಯಸಿದವನೇ ಒತ್ತಡ ಬಂದ ದಿನ ಹಾಗಾಗುತ್ತಾನೆ.

ಈ ಪರಂಪರೆ ಧಾರಾವಾಹಿಯ ಕಲ್ಪನೆಯಲ್ಲ. ಯುರೋಪಿನ ದೊಡ್ಡ ಅಡುಗೆಮನೆಗಳ ಶ್ರೇಣಿವ್ಯವಸ್ಥೆಗೆ ರೂಪ ಕೊಟ್ಟವನು ಫ್ರಾನ್ಸಿನ ಆಗುಸ್ತ್ ಎಸ್ಕೋಫಿಯೆ (1846-1935). 1870ರ ಯುದ್ಧಕಾಲದಲ್ಲಿ ಸೈನ್ಯದ ಅಡುಗೆಯವನಾಗಿ ದುಡಿದಿದ್ದ ಅವನು, ಸೈನ್ಯದ ದಳದಂತೆ ಒಬ್ಬೊಬ್ಬರಿಗೆ ಒಂದೊಂದು ವಿಭಾಗವನ್ನೂ ಮೇಲಧಿಕಾರಿಯನ್ನೂ ಗೊತ್ತುಮಾಡಿದನು. ಬೇಡಿಕೆ ಏಕಕಾಲಕ್ಕೆ ಬಂದಾಗ ಗೊಂದಲವಾಗದಿರಲೆಂಬುದೇ ಇದರ ಉದ್ದೇಶ. ಆದರೆ ಆಜ್ಞೆಯ ಸಾಲಿನಲ್ಲಿ ಅವಮಾನವೂ ಮೇಲಿನಿಂದ ಕೆಳಕ್ಕೆ ಸುಲಭವಾಗಿ ಹರಿಯುತ್ತದೆ. ಪ್ಯಾರಿಸಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆದ ಜಾರ್ಜ್ ಆರ್ವೆಲ್ 1933ರಲ್ಲಿ ಪ್ರಕಟಿಸಿದ ತನ್ನ ಅನುಭವಕಥನದಲ್ಲಿ ಅಂಥ ಬೈಗುಳದ ಲೋಕವನ್ನು ಚಿತ್ರಿಸಿದ್ದಾನೆ. ಕೋಪನ್‌ಹೇಗನ್‌ನ ವಿಶ್ವವಿಖ್ಯಾತ ಬಾಣಸಿಗ ರೆನೆ ರೆಡ್ಜೆಪಿ, ತಾನು ಸಹೋದ್ಯೋಗಿಗಳ ಮೇಲೆ ಅರಚಿದ್ದನ್ನೂ ಅವರನ್ನು ತಳ್ಳಿದ್ದನ್ನೂ 2015ರಲ್ಲಿ ಲೇಖನವೊಂದರಲ್ಲಿ ತಾನೇ ಒಪ್ಪಿಕೊಂಡನು.

ಇಲ್ಲಿ ಮಕ್ಕಳಿಗೆ ಒಂದು ವ್ಯತ್ಯಾಸವನ್ನು ತಿಳಿಸಬೇಕು. ಅಡುಗೆಮನೆಯಲ್ಲಿ ಗಟ್ಟಿಯಾದ ದನಿ ತಪ್ಪಲ್ಲ. ಕುದಿಯುವ ಎಣ್ಣೆ, ಹರಿತವಾದ ಕತ್ತಿ, ಇಕ್ಕಟ್ಟಾದ ದಾರಿ ಇರುವಲ್ಲಿ 'ಹಿಂದೆ ಇದ್ದೇನೆ', 'ತಿರುವಿನಲ್ಲಿ ಬರುತ್ತಿದ್ದೇನೆ' ಎಂದು ಕೂಗಿ ಹೇಳದಿದ್ದರೆ ಮೈ ಸುಡುತ್ತದೆ. ಧಾರಾವಾಹಿಯ ಪಾತ್ರಗಳೂ ಹೀಗೆಯೇ ಕೂಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ನ್ಯೂಯಾರ್ಕಿನ ಹಿರಿಯನು ದನಿ ಏರಿಸುವುದೇ ಇಲ್ಲ. ಆದರೂ ಇಡೀ ಕಥೆಯಲ್ಲಿ ಅವನಷ್ಟು ಕ್ರೂರವಾಗಿ ಮಾತನಾಡುವವರು ವಿರಳ. ಕ್ರೌರ್ಯವನ್ನು ಅಳೆಯಬೇಕಾದುದು ದನಿಯ ಎತ್ತರದಿಂದಲ್ಲ.

ಹಾಗಾದರೆ ಅಳತೆ ಯಾವುದು? ಭಾಷಾಧ್ಯಾಪಕರಾದ ನಮ್ಮಲ್ಲಿ ಅದಕ್ಕೆ ಒಳ್ಳೆಯ ಸಾಧನವಿದೆ. ವಾಕ್ಯದಲ್ಲಿ ಕೇಳುಗನು ಮಾಡಬಹುದಾದ ಕ್ರಿಯಾಪದವಿದೆಯೇ ಎಂದು ನೋಡಬೇಕು. 'ಒಲೆ ತಗ್ಗಿಸು', 'ಚೀಟಿಗಳನ್ನು ಎಣಿಸು' ಎಂಬವು ವಿಧ್ಯರ್ಥಕ ವಾಕ್ಯಗಳು. ಎಷ್ಟೇ ಗಟ್ಟಿಯಾಗಿ ಹೇಳಿದರೂ ಕೇಳಿದವನು ಏನು ಮಾಡಬೇಕೆಂದು ಅವು ತಿಳಿಸುತ್ತವೆ. 'ನಿನಗೆ ಬುದ್ಧಿ ಇದೆಯೇ?', 'ಯಾರು ನಿನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು?' ಎಂಬವು ರೂಪದಲ್ಲಿ ಪ್ರಶ್ನೆಗಳು, ಆದರೆ ಉತ್ತರವನ್ನು ಅಪೇಕ್ಷಿಸುವುದಿಲ್ಲ. ಮೊದಲನೆಯವು ಕೆಲಸವನ್ನು ತಿದ್ದುತ್ತವೆ. ಎರಡನೆಯವು ಮನುಷ್ಯನನ್ನು ಕುಗ್ಗಿಸುತ್ತವೆ.

ಎರಡನೆಯ ಪ್ರಶ್ನೆ: ಯಾರ ಪಕ್ಕದಲ್ಲಿ ನಿಲ್ಲಿಸುತ್ತದೆ?

ತೋರಿಸುವುದು ಬೇರೆ, ಸಮರ್ಥಿಸುವುದು ಬೇರೆ. ಕ್ರೌರ್ಯವನ್ನು ಚಿತ್ರಿಸಿದ ಮಾತ್ರಕ್ಕೆ ಕೃತಿ ಅದನ್ನು ಬೆಂಬಲಿಸಿತೆನ್ನುವುದು ಅವಸರದ ತೀರ್ಪಾಗುತ್ತದೆ. ಆದರೆ ಚಿತ್ರಿಸುವ ಬಗೆಯೂ ಒಂದು ಮಾತನ್ನು ಹೇಳುತ್ತದೆ.

'ವಿಮರ್ಶೆ' ಎಂಬ ಕಂತು ಸುಮಾರು ಇಪ್ಪತ್ತು ನಿಮಿಷಗಳದು. ಅದರ ಬಹುಭಾಗವನ್ನು ಕತ್ತರಿಸದ ಒಂದೇ ಚಿತ್ರಿಕೆಯಲ್ಲಿ ತೆಗೆಯಲಾಗಿದೆ. ಕ್ಯಾಮೆರಾ ಆ ಇಕ್ಕಟ್ಟಿನೊಳಗೇ ಸುತ್ತುತ್ತದೆ; ನಮಗೂ ಉಸಿರುಗಟ್ಟುತ್ತದೆ. ಇದು ಸಾಧನೆಯೇ ಸರಿ. ಆದರೆ ಅದೇ ಉಸಿರುಗಟ್ಟುವಿಕೆ ರೋಮಾಂಚನವೂ ಆಗುತ್ತದೆ. ನೋಡುಗನು ನೋವಿನಿಂದ ನಲುಗುವ ಜೊತೆಗೆ ಅದರ ಬಿರುಸನ್ನು ಸವಿಯುತ್ತಾನೆ. ಅರಚುವ ಕಾರ್ಮಿಯ ಅಂತರಂಗ ನಮಗೆ ಪರಿಚಿತ: ಅವನ ಅಣ್ಣನ ಸಾವು, ಅವನ ಸಾಲ, ಅವನ ನಿದ್ರೆಗೆಟ್ಟ ರಾತ್ರಿಗಳು. ಹೀಗಾಗಿ ಅವನ ಬೈಗುಳ ನಮಗೆ ಅಪರಾಧವಾಗಿ ಕಾಣುವುದಕ್ಕಿಂತ ದುಃಖವಾಗಿ ಕಾಣುತ್ತದೆ. ಮುಂದಿನ ಕಂತಿನಲ್ಲಿ ಸಿಡ್ನಿ, ಮಾರ್ಕಸ್ ಇಬ್ಬರೂ ಹಿಂದಿರುಗುತ್ತಾರೆ. ಕಥೆ ಮುಂದುವರಿಯಬೇಕಾದರೆ ಅವರು ಬರಲೇಬೇಕು. ಜೀವನದಲ್ಲಿ ಹೊರನಡೆದವರು ಇಷ್ಟು ಬೇಗ ಹಿಂದಿರುಗುವುದಿಲ್ಲ; ಅನೇಕರು ಎಂದಿಗೂ ಹಿಂದಿರುಗುವುದಿಲ್ಲ.

ಇನ್ನೂ ಆಳವಾದ ಆಕ್ಷೇಪ ಬೇರೊಂದಿದೆ. ಕಾರ್ಮಿ ನಿಜಕ್ಕೂ ಅಸಾಧಾರಣ ಬಾಣಸಿಗ. ಅವನನ್ನು ಪೀಡಿಸಿದವನೂ ಅಸಾಧಾರಣ ಬಾಣಸಿಗ. ನೋವೂ ಪ್ರತಿಭೆಯೂ ಸದಾ ಒಂದೇ ಚೌಕಟ್ಟಿನಲ್ಲಿ ಕಾಣಿಸಿಕೊಂಡಾಗ, ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂಬ ಭಾವನೆ ನೋಡುಗನಲ್ಲಿ ಬೇರೂರುತ್ತದೆ. ಹಿರಿಯನ ಕೊನೆಯ ಉತ್ತರವನ್ನು ಧಾರಾವಾಹಿ ಒಪ್ಪುವುದಿಲ್ಲ, ನಿಜ. ಆದರೆ ಅದನ್ನು ಸುಳ್ಳೆಂದು ಸಾಧಿಸುವ ಪುರಾವೆಯನ್ನು ಕಾರ್ಮಿಯ ಬದುಕಿನಿಂದ ಒದಗಿಸುವುದೂ ಇಲ್ಲ.

ಆ ಪುರಾವೆ ಬೇರೊಂದು ಕಡೆ, 'ಫೋರ್ಕ್ಸ್' ಕಂತಿನಲ್ಲಿ ಇದೆ. ರಿಚಿ ಹೋದ ಹೋಟೆಲಿನ ಶಿಸ್ತು ಕಾರ್ಮಿಯ ಅಂಗಡಿಯ ಶಿಸ್ತಿಗಿಂತ ಕಠಿಣ. ತಟ್ಟೆಯ ಅಂಚಿನ ಒಂದು ಕಲೆಯೂ ಅಲ್ಲಿ ಗಂಭೀರ ವಿಷಯವಾಗುತ್ತದೆ. ಆದರೂ ಅಲ್ಲಿ ಯಾರನ್ನೂ ತುಚ್ಛೀಕರಿಸಿ ಕಲಿಸುವುದಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬನು ರಿಚಿಗೆ ಈ ಕೆಲಸ ಏಕೆ ಬೇಕೆಂಬುದನ್ನು ವಿವರಿಸುತ್ತಾನೆ. ಕೊನೆಗೆ ಆ ಹೋಟೆಲಿನ ಒಡತಿಯಾದ ಪ್ರಧಾನ ಬಾಣಸಿಗಳು ಒಂಟಿಯಾಗಿ ಕುಳಿತು ಅಣಬೆಯ ಸಿಪ್ಪೆ ತೆಗೆಯುತ್ತಿರುವುದನ್ನು ಅವನು ಕಾಣುತ್ತಾನೆ. ತಾನು ಹೇಳುವ ಕೆಲಸವನ್ನು ತಾನೂ ಮಾಡುವ ಹಿರಿಯರ ಮುಂದೆ ಕಲಿಯುವವನು ತಾನಾಗಿ ನೆಟ್ಟಗೆ ನಿಲ್ಲುತ್ತಾನೆ. ಧಾರಾವಾಹಿಯ ದೋಷಕ್ಕೆ ಧಾರಾವಾಹಿಯೇ ಕೊಟ್ಟ ಉತ್ತರವಿದು. ಇದನ್ನು ಗುರುತಿಸಿದ ವಿದ್ಯಾರ್ಥಿ ಒಳ್ಳೆಯ ವಿಮರ್ಶಕನಾಗುವ ದಾರಿಯಲ್ಲಿದ್ದಾನೆ.

ಮೂರನೆಯ ಪ್ರಶ್ನೆ: ಬೆಲೆ ತೆತ್ತವರು ಯಾರು?

ಕಥೆ ಪ್ರತಿಭಾವಂತರ ಕಡೆಗೆ ವಾಲುತ್ತದೆ. ಪಾತ್ರೆ ತೊಳೆಯುವವರು, ನೆಲ ಒರೆಸುವವರು ಬಹುಮಟ್ಟಿಗೆ ಹಿನ್ನೆಲೆಯಲ್ಲಿ ಉಳಿಯುತ್ತಾರೆ. ದುಡಿಮೆಯ ಗಂಟೆಗಳೆಷ್ಟು, ಸಂಬಳವೆಷ್ಟು, ಕೈ ಸುಟ್ಟರೆ ಔಷಧದ ಖರ್ಚು ಯಾರದು ಎಂಬ ಪ್ರಶ್ನೆಗಳು ಒಡೆಯನ ಮನಸ್ಸಿನ ಗಾಯದಷ್ಟು ವಿಸ್ತಾರವಾಗಿ ಬರುವುದಿಲ್ಲ. ಕೆಲಸದ ಸ್ಥಳದ ವಿಷ ಒಬ್ಬನ ಮನಸ್ಸು ಗುಣವಾದರೆ ಇಳಿಯುತ್ತದೆಂಬ ಸೂಚನೆ ಕಥೆಯಲ್ಲಿದೆ. ನಿಯಮ, ಕೂಲಿ, ವಿಶ್ರಾಂತಿ ಇವುಗಳಿಂದಲೂ ಅದು ಇಳಿಯಬೇಕೆಂಬುದು ನಮಗೆ ಹೊಳೆಯಬೇಕು.

ನಮ್ಮ ಕನ್ನಡಿಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ತುಳುನಾಡಿನಿಂದ ಮುಂಬಯಿಗೆ ಹೋಗಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲೆಯವರೆಗೆ ಏರಿದವರ ಕಥೆಗಳನ್ನು ಕಾಸರಗೋಡಿನ ಮನೆಮನೆಗಳಲ್ಲಿ ಕೇಳಬಹುದು. ಹಗಲು ದುಡಿದು ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. ಗಲ್ಲೆಗೆ ಏರಿದವರ ಕಥೆ ನಮಗೆ ಗೊತ್ತು; ಲೋಟ ಒಡೆದುದಕ್ಕೆ ಪೆಟ್ಟು ತಿಂದು ರೈಲು ಹತ್ತಿ ಮರಳಿದ ಹುಡುಗನ ಕಥೆಯನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಹದಿನಾಲ್ಕು ವರ್ಷಕ್ಕಿಂತ ಕಿರಿಯರನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಅದಕ್ಕೆ ಮೊದಲಿನ ತಲೆಮಾರುಗಳ ಎಷ್ಟೋ ಮಕ್ಕಳಿಗೆ ಅಡುಗೆಮನೆಯೇ ಶಾಲೆಯಾಗಿತ್ತು.

ನಮ್ಮ ತರಗತಿ

ತರಬೇತಿ ಶಿಬಿರಗಳಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಎದ್ದು ಹೇಳುವ ಮಾತೊಂದಿದೆ: ನಮ್ಮ ಗುರುಗಳು ಬಡಿದದ್ದರಿಂದಲೇ ನಾವು ಇಂದು ಅಧ್ಯಾಪಕರಾಗಿದ್ದೇವೆ, ಉಳಿಯ ಪೆಟ್ಟು ತಿಂದ ಕಲ್ಲೇ ಮೂರ್ತಿಯಾಗುವುದು. ಕಾರ್ಮಿಯ ಹಿರಿಯನು ಹೇಳಿದ್ದೂ ಇದನ್ನೇ. ಈ ಮಾತನ್ನು ಹೇಳುವವರು ಮೂರ್ತಿಯಾದ ಕಲ್ಲುಗಳು ಮಾತ್ರ. ಒಡೆದು ಹೋದ ಕಲ್ಲುಗಳು ಶಿಬಿರಕ್ಕೆ ಬಂದಿರುವುದಿಲ್ಲ. ಇನ್ನೊಂದು ಮಾತು: ಕಲ್ಲು ಎದ್ದು ಹೋಗಲಾರದು, ಮಗು ಎದ್ದು ಹೋಗುತ್ತದೆ.

ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. ಅಧ್ಯಾಪನದ ಆರಂಭದ ವರ್ಷಗಳಲ್ಲಿ, ಮನೆಯಲ್ಲಿ ತುಳು ಆಡುವ ಬಾಲಕನೊಬ್ಬನು ಗಟ್ಟಿ ಓದಿನಲ್ಲಿ 'ಭಾರತ'ವನ್ನು 'ಬಾರತ' ಎಂದೇ ಓದುತ್ತಿದ್ದನು. ಮೂರನೆಯ ಸಲ ನಾನು ತಾಳ್ಮೆಗೆಟ್ಟು, ಇಷ್ಟು ವರ್ಷ ಶಾಲೆಗೆ ಬಂದು ಏನು ಮಾಡಿದೆ ಎಂದು ಎಲ್ಲರ ಮುಂದೆ ಕೇಳಿದೆ. ತರಗತಿ ನಕ್ಕಿತು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅದರಲ್ಲಿ ಅವನು ಮಾಡಬಹುದಾದ ಕ್ರಿಯಾಪದವೂ ಇರಲಿಲ್ಲ. ತುಟಿಯ ಮುಂದೆ ಅಂಗೈ ಹಿಡಿದು ಮಹಾಪ್ರಾಣದ ಉಸಿರನ್ನು ಮುಟ್ಟಿ ನೋಡು ಎಂದಿದ್ದರೆ ಎರಡು ನಿಮಿಷದ ಕೆಲಸ. ಆ ವರ್ಷ ಅವನು ಮತ್ತೆ ಓದಲು ಎದ್ದು ನಿಲ್ಲಲಿಲ್ಲ. ಮರುವರ್ಷ ಬೇರೆ ಮಾಧ್ಯಮದ ಶಾಲೆಗೆ ಸೇರಿದನೆಂದು ತಿಳಿಯಿತು. ನನ್ನ ಮಾತೊಂದೇ ಕಾರಣವೆಂದು ಹೇಳಲಾರೆ. ಕಾರಣವಲ್ಲವೆಂದೂ ಹೇಳಲಾರೆ.

ಮಕ್ಕಳ ಸಂಖ್ಯೆಯ ಮೇಲೆ ವಿಭಾಗದ ಅಸ್ತಿತ್ವವೇ ನಿಂತಿರುವ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಇಲ್ಲಿ ಕನ್ನಡ ಅನೇಕ ಮಕ್ಕಳಿಗೆ ಮನೆಮಾತಲ್ಲ. ತುಳು, ಕೊಂಕಣಿ, ಮಲೆಯಾಳ, ಮರಾಠಿಗಳ ಮನೆಯಿಂದ ಅವರು ಬರುತ್ತಾರೆ. ಕನ್ನಡ ಅವರಿಗೆ ಶಾಲೆಯಲ್ಲಿ ದೊರೆಯುವ ಭಾಷೆ. ಅದು ಅವಮಾನದ ಜೊತೆಗೆ ದೊರೆತರೆ, ಬಿಡುವುದಕ್ಕೆ ಅವರಿಗೆ ಬೇರೆ ಬಾಗಿಲುಗಳು ತೆರೆದೇ ಇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ನಾವು ಕೆಳಗಿಟ್ಟಿದ್ದೇವೆ. ನಾಲಗೆಯ ವಿಷಯದಲ್ಲಿ ಅಷ್ಟೇ ಎಚ್ಚರವಾಗಿದ್ದೇವೆಯೇ ಎಂಬುದನ್ನು ನಮ್ಮಲ್ಲಿಯೇ ಕೇಳಿಕೊಳ್ಳಬೇಕು.

ತರಗತಿಯ ಚಟುವಟಿಕೆಗಳು

ಮೊದಲನೆಯ ಅವಧಿ. ನಾಲ್ಕು ಸನ್ನಿವೇಶಗಳನ್ನು ಅಧ್ಯಾಪಕರು ಕಥೆಯಂತೆ ಹೇಳಲಿ. ಮೊದಲನೆಯದನ್ನು ಹೇಳುವಾಗ ಸಾವಿನ ಮಾತನ್ನು ಬಿಟ್ಟು, ಅವಹೇಳನ ಮಾಡಿದನೆಂದಷ್ಟೇ ತಿಳಿಸಿದರೆ ಸಾಕು. ಬಳಿಕ ಗುಂಪುಗಳಲ್ಲಿ ಚೀಟಿಗಳು ಉಕ್ಕಿ ಬರುವ ಸನ್ನಿವೇಶಕ್ಕೆ ಮಕ್ಕಳು ಸಂಭಾಷಣೆ ಬರೆಯಲಿ. ನಿಬಂಧನೆ ಎರಡು: ಅವಸರ ಕಡಿಮೆಯಾಗಬಾರದು, ಯಾರಿಗೂ ಅವಮಾನವಾಗಬಾರದು. ಬರೆದ ಸಂಭಾಷಣೆಯಲ್ಲಿನ ವಿಧ್ಯರ್ಥಕ ಕ್ರಿಯಾಪದಗಳಿಗೆ ಗೆರೆ ಎಳೆಯಲಿ.

ಎರಡನೆಯ ಅವಧಿ. ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯಲ್ಲಿ ಬರೆದು, ಪ್ರತಿಯೊಬ್ಬರೂ ಒಂದು ಪುಟದ ವಿಮರ್ಶಾ ಬರಹ ಸಿದ್ಧಪಡಿಸಲಿ. ಈ ಧಾರಾವಾಹಿಯ ಬದಲು ತಾವು ಮನೆಯಲ್ಲಿ ನೋಡುವ ಯಾವುದಾದರೂ ಧಾರಾವಾಹಿಯಲ್ಲಿ ಅತ್ತೆ, ಒಡೆಯ ಅಥವಾ ಅಧ್ಯಾಪಕ ಗದರುವ ಸನ್ನಿವೇಶವನ್ನು ಆರಿಸಿಕೊಳ್ಳಲೂಬಹುದು.

ಮನೆಗೆಲಸ. ಹೋಟೆಲ್, ಕ್ಯಾಂಟೀನ್ ಅಥವಾ ಮದುವೆಯ ಅಡುಗೆಯಲ್ಲಿ ದುಡಿದ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರು ಕೆಲಸ ಕಲಿತ ಬಗೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಲಿ. ತನ್ನ ಮನೆಯ ನೋವನ್ನು ತರಗತಿಯಲ್ಲಿ ಓದಿ ಹೇಳುವಂತೆ ಯಾವ ಮಗುವನ್ನೂ ಒತ್ತಾಯಿಸಬಾರದು.

ಮೌಲ್ಯಮಾಪನಕ್ಕೆ ಮಾದರಿ

ಕೆಳಗಿನ ಮೂರು ಉತ್ತರಗಳನ್ನು ಹೋಲಿಸಿ ನೋಡಿರಿ.

ಸಾಧಾರಣ: 'ಕಾರ್ಮಿ ಕೆಟ್ಟವನು. ಅವನು ಎಲ್ಲರನ್ನೂ ಬೈಯುತ್ತಾನೆ. ಹೀಗೆ ಮಾಡಬಾರದು.' ಇದು ತೀರ್ಪು, ಆಧಾರವಿಲ್ಲ.

ಉತ್ತಮ: 'ಕಾರ್ಮಿಗೆ ಅವನ ಮೇಲಿನವನು ಬೈದಿದ್ದನು. ಅದನ್ನೇ ಅವನು ಸಿಡ್ನಿಗೆ ಮಾಡುತ್ತಾನೆ.' ಇಲ್ಲಿ ಕಾರಣವೂ ಸನ್ನಿವೇಶದ ಆಧಾರವೂ ಇವೆ.

ಅತ್ಯುತ್ತಮ: 'ಬೈದರೆ ಕೆಲಸ ಚೆನ್ನಾಗುತ್ತದೆ ಎಂದು ಕಥೆ ಹೇಳುವುದಿಲ್ಲ. ಆದರೂ ಬೈಯುವವರೆಲ್ಲ ಜಾಣರಾಗಿರುವುದರಿಂದ ನಮಗೆ ಹಾಗೆ ಅನಿಸುತ್ತದೆ. ಚಮಚ ಒರೆಸುವ ಕಂತಿನಲ್ಲಿ ಬೈಯದೆಯೂ ರಿಚಿ ಕಲಿತನು.' ಇಲ್ಲಿ ಕೃತಿ ಹೇಳಿದ್ದನ್ನೂ ಕೃತಿ ಅನಿಸುವಂತೆ ಮಾಡಿದ್ದನ್ನೂ ವಿದ್ಯಾರ್ಥಿ ಬೇರ್ಪಡಿಸಿದ್ದಾನೆ. ಕೃತಿಯೊಳಗಿನಿಂದಲೇ ಪ್ರತಿಸಾಕ್ಷ್ಯವನ್ನು ತಂದಿದ್ದಾನೆ.

ಈ ಮೂರನೆಯ ಹಂತಕ್ಕೆ ಎಲ್ಲರೂ ಒಂದೇ ಪಾಠದಲ್ಲಿ ತಲಪಲಾರರು. ಮೊದಲ ಹಂತದ ಉತ್ತರ ಬಂದಾಗ ಅಧ್ಯಾಪಕರು ಕೇಳಬೇಕಾದುದು 'ಇಷ್ಟೇ ಬರೆದದ್ದೇ?' ಎಂದಲ್ಲ. 'ಅವನು ಬೈದ ಸನ್ನಿವೇಶವೊಂದನ್ನು ಹೇಳು. ಅದಕ್ಕೆ ಮೊದಲು ಏನು ನಡೆಯಿತೆಂದು ಸೇರಿಸು' ಎಂದು ಹೇಳಬೇಕು. ಈ ವಾಕ್ಯದಲ್ಲಿ ಮಗು ಮಾಡಬಹುದಾದ ಎರಡು ಕ್ರಿಯಾಪದಗಳಿವೆ.

ಅಧ್ಯಾಪಕರ ಸ್ವಾವಲೋಕನಕ್ಕೆ

1. ಕಳೆದ ಒಂದು ವಾರದಲ್ಲಿ ತರಗತಿಯಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ಬಯಸದೆ ಕೇಳಿದವು ಎಷ್ಟು?
2. ನಾನು ಮಕ್ಕಳಿಗೆ ಹೇಳುವ ಕೆಲಸಗಳಲ್ಲಿ ಅವರೆದುರು ನಾನೂ ಮಾಡಿ ತೋರಿಸುವವು ಯಾವುವು?
3. ನನ್ನ ತರಗತಿಯಲ್ಲಿ ಓದಲು ಎದ್ದು ನಿಲ್ಲುವುದನ್ನು ಬಿಟ್ಟಿರುವ ಮಗು ಯಾವುದು? ನಾಳೆ ಆ ಮಗುವಿಗೆ ಓದಲು ಯಾವ ವಾಕ್ಯವನ್ನು ಕೊಡುವೆನು?